ಐದು ಸೀಸೆಗಳಲ್ಲಿ ಒಂದು



ಪ್ಲೇಗಿನ ಕಾಲದಲ್ಲಿ ಮನೆಯಲ್ಲಿ ಇಲಿ ಸತ್ತು ಬಿತ್ತೆಂದರೆ ಊರಿಗೆ ಊರೇ ಖಾಲಿಯಾಗಿ, ಹೊಲಗಳಲ್ಲಿ ಗುಡಿಸಲು ಏಳುತ್ತಿದ್ದವೆಂಬ ಮಾತನ್ನು ನೀವು ನಿಮ್ಮ ಹಿರಿಯರಿಂದ ಕೇಳಿರಬಹುದು. ಆ ರೋಗಕ್ಕೆ ಲಸಿಕೆ ತಯಾರಿಸಿದ ವಿಜ್ಞಾನಿಯನ್ನು ಆಗಿನ ಜನ, ಆಗಿನ ಸರಕಾರ ಹೇಗೆ ಕಂಡರು ಎಂಬುದು ಇಂದಿನ ವಿಷಯ.

ಅವರ ಹೆಸರು ವಾಲ್ಡೆಮಾರ್ ಹಾಫ್‌ಕಿನ್. ಹುಟ್ಟಿದ್ದು 1860ರಲ್ಲಿ, ಒಡೆಸ್ಸಾ ನಗರದ ಯಹೂದಿ ಮನೆತನದಲ್ಲಿ. ಕಲಿತದ್ದು ಪ್ರಾಣಿಶಾಸ್ತ್ರ, ವೈದ್ಯಶಾಸ್ತ್ರವಲ್ಲ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಅವರನ್ನು ಅಲ್ಲಿಗೆ ಕರೆಸಿದರು. ಕೆಲವೇ ತಿಂಗಳಲ್ಲಿ ಲಸಿಕೆ ಸಿದ್ಧವಾಯಿತು. 1897ರ ಜನವರಿ 10ರಂದು ಅದನ್ನು ಮೊದಲು ಚುಚ್ಚಿಸಿಕೊಂಡವರು ಸ್ವತಃ ಹಾಫ್‌ಕಿನ್ನರೇ. ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲೂ ಸಾವಿರಾರು ಜನ ಲಸಿಕೆ ಹಾಕಿಸಿಕೊಂಡರು.

ಆದರೆ ಎಲ್ಲೆಡೆ ಹೀಗಿರಲಿಲ್ಲ. ಮರಾಠಿಯಲ್ಲಿ 'ಲಸ್ ಟೋಚಣೆ' ಎನ್ನುವ ಈ ಕೆಲಸ ಹಲವರಿಗೆ ಭಯ ಹುಟ್ಟಿಸಿತು. ಪಂಜಾಬಿನಲ್ಲಿ ಸೂಜಿ ಗಜದುದ್ದ ಇರುತ್ತದಂತೆ, ಚುಚ್ಚಿದ ಕೂಡಲೇ ಪ್ರಾಣ ಹೋಗುತ್ತದಂತೆ, ಮಕ್ಕಳಾಗುವುದಿಲ್ಲವಂತೆ ಎಂಬ ಸುದ್ದಿ ಹಬ್ಬಿತ್ತು. ಇದನ್ನು ಬರೀ ಅಜ್ಞಾನವೆಂದು ತಳ್ಳಿಹಾಕುವುದು ನನಗೆ ಸರಿಕಾಣುವುದಿಲ್ಲ. ಪ್ಲೇಗಿನ ಹೆಸರಿನಲ್ಲಿ ಸಿಪಾಯಿಗಳು ಮನೆ ಹೊಕ್ಕು ಶೋಧಿಸಿದ ಕಾಲವದು. ಪುಣೆಯಲ್ಲಿ ಅದೇ ಸಿಟ್ಟಿಗೆ 1897ರಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್ ಗುಂಡಿಗೆ ಬಲಿಯಾದ. ಸಿಪಾಯಿಯ ಹಿಂದೆ ಬಂದ ಸೂಜಿಯನ್ನು ಜನ ಹೇಗೆ ನಂಬಿಯಾರು?

1902ರ ಅಕ್ಟೋಬರ್ 30. ಇಂದು ಪಾಕಿಸ್ತಾನಕ್ಕೆ ಸೇರಿರುವ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿ. ಅಂದು ಐದು ಸೀಸೆಗಳಿಂದ 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಗಮನಿಸಿ, ಆ 19 ಜನರೂ ಒಂದೇ ಸೀಸೆಯಿಂದ ಲಸಿಕೆ ಪಡೆದವರು. ಉಳಿದ ನಾಲ್ಕು ಸೀಸೆಗಳವರಿಗೆ ಏನೂ ಆಗಲಿಲ್ಲ.

ವಿಚಾರಣಾ ಆಯೋಗ ತಪ್ಪನ್ನು ಹಾಫ್‌ಕಿನ್ನರ ಪರೇಲ್ ಪ್ರಯೋಗಶಾಲೆಯ ಮೇಲೆ ಹೊರಿಸಿತು. ನಿನ್ನೆಯವರೆಗೆ ಸನ್ಮಾನಿಸಿದ ಸರಕಾರವೇ ಅವರನ್ನು ಹುದ್ದೆಯಿಂದ ದೂರ ಸರಿಸಿತು. ಡಾಕ್ಟರಲ್ಲದವನು, ಇಂಗ್ಲಿಷಿನವನಲ್ಲ, ಮೇಲಾಗಿ ಯಹೂದಿ. ಅವರ ಪರವಾಗಿ ಬಾಯಿ ತೆರೆಯುವವರು ಸರಕಾರಿ ವೈದ್ಯರಲ್ಲಿ ಕಡಿಮೆ.

ನಿಜ ಸಂಗತಿ ಆಯೋಗದ ಮುಂದಿನ ಸಾಕ್ಷ್ಯದಲ್ಲೇ ಇತ್ತು. ಮುಲ್ಕೋವಾಲ್‌ನಲ್ಲಿ ಆ ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಚಿಮುಟ ನೆಲಕ್ಕೆ ಬಿದ್ದಿತ್ತು. ಅದನ್ನು ಕುದಿಸದೆ, ಔಷಧದ ನೀರಿನಲ್ಲಿ ಅದ್ದಿ ಮತ್ತೆ ಬಳಸಿದ್ದರು. ಧನುರ್ವಾಯುವಿನ ಕ್ರಿಮಿ ಇರುವುದು ಮಣ್ಣಿನಲ್ಲೇ. ವಿಷ ಬೆರೆತದ್ದು ಪರೇಲ್‌ನಲ್ಲೇ ಆಗಿದ್ದರೆ, ವಾರಗಟ್ಟಲೆ ಮುಚ್ಚಿಟ್ಟ ಸೀಸೆ ತೆರೆದಾಗ ದುರ್ವಾಸನೆ ಬರಬೇಕಿತ್ತು. ಬಂದಿರಲಿಲ್ಲ.

ಮಲೇರಿಯಾ ಹರಡುವ ಬಗೆಯನ್ನು ಕಂಡುಹಿಡಿದ ರೊನಾಲ್ಡ್ ರಾಸ್ ಹಾಗೂ ಇತರ ವಿಜ್ಞಾನಿಗಳು 1907ರಲ್ಲಿ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಬರೆದ ಮೇಲೆಯೇ ಸರಕಾರ ಮಣಿದದ್ದು. ಹಾಫ್‌ಕಿನ್ ಆಮೇಲೆ ಕಲಕತ್ತೆಗೆ ಮರಳಿದರು. ಆದರೆ ಪರೇಲ್ ಪ್ರಯೋಗಶಾಲೆ ಅವರ ಕೈಗೆ ಮತ್ತೆ ಬರಲಿಲ್ಲ. ಅದಕ್ಕೆ ಅವರ ಹೆಸರಿಟ್ಟದ್ದು 1925ರಲ್ಲಿ, ಅವರು ಭಾರತ ಬಿಟ್ಟು ಹೋಗಿ ಸುಮಾರು ಹತ್ತು ವರ್ಷಗಳಾದ ಮೇಲೆ.