ಮತ್ಸ್ಯಕನ್ಯೆಯರ ಕಥೆ ಮತ್ತು ಚರಿತ್ರೆಯ ಪಾಠ



ಚರಿತ್ರೆಯ ಮೇಷ್ಟ್ರಿಗೂ ಭಯಾನಕ ಕಥೆಗಳಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಮೊಮ್ಮಗಳ ಬಳಿಯಿದ್ದ ಒಂದು ಕಿರುಕಾದಂಬರಿಯನ್ನು ಇತ್ತೀಚೆಗೆ ಓದಿದೆ. ಮೀರಾ ಗ್ರಾಂಟ್ ಎಂಬ ಕಾವ್ಯನಾಮದ ಅಮೆರಿಕದ ಲೇಖಕಿ 2015ರಲ್ಲಿ ಪ್ರಕಟಿಸಿದ ‘ರೋಲಿಂಗ್ ಇನ್ ದಿ ಡೀಪ್’. 2017ರಲ್ಲಿ ಬಂದ ಅವರ ದೊಡ್ಡ ಕಾದಂಬರಿಗೆ ಇದು ಪೂರ್ವಕಥೆ.

ಟೆಲಿವಿಷನ್ ಕಂಪೆನಿಯೊಂದು ಮತ್ಸ್ಯಕನ್ಯೆಯರ ಬಗ್ಗೆ ಹುಸಿ ಸಾಕ್ಷ್ಯಚಿತ್ರ ತಯಾರಿಸಲು ‘ಅಟಾರ್ಗಟಿಸ್’ ಎಂಬ ಹಡಗನ್ನು ಪೆಸಿಫಿಕ್ ಸಾಗರದ ಮರಿಯಾನಾ ಕಂದಕಕ್ಕೆ ಕಳುಹಿಸುತ್ತದೆ. ಅಟಾರ್ಗಟಿಸ್ ಪ್ರಾಚೀನ ಸಿರಿಯಾದ ದೇವತೆ. ಆಕೆಯನ್ನು ಅರ್ಧ ಮೀನಿನ ರೂಪದಲ್ಲಿಯೂ ಕಲ್ಪಿಸಿಕೊಂಡಿದ್ದರು. ಹಡಗಿನಲ್ಲಿ ವಿಜ್ಞಾನಿಗಳಿದ್ದಾರೆ, ಮತ್ಸ್ಯಕನ್ಯೆಯರ ವೇಷ ತೊಡುವ ಈಜುಗಾರ್ತಿಯರೂ ಇದ್ದಾರೆ. ಸುಳ್ಳನ್ನು ಚಿತ್ರಿಸಹೊರಟವರಿಗೆ ಎದುರಾಗುವುದು ನಿಜವಾದ, ನರಭಕ್ಷಕ ಮತ್ಸ್ಯಕನ್ಯೆಯರು. ಯಾರೂ ಮರಳಲಿಲ್ಲವೆಂಬುದು ಓದುಗನಿಗೆ ಮೊದಲೇ ಗೊತ್ತು. ಆದರೂ ಪುಟ ತಿರುಗಿಸುತ್ತೇವೆ. ಎಲ್ಲಿ ಹಿಂದಿರುಗಿದ್ದರೆ ಉಳಿಯುತ್ತಿದ್ದರೆಂದು ಹುಡುಕುತ್ತೇವೆ. ಚರಿತ್ರೆಯನ್ನು ಓದುವುದೂ ಹೀಗೆಯೇ ಅಲ್ಲವೇ?

ಇಂತಹ ಹುಸಿ ಸಾಕ್ಷ್ಯಗಳು ಕೇವಲ ಕಲ್ಪನೆಯಲ್ಲ. 1822ರಲ್ಲಿ ಸ್ಯಾಮ್ಯುಯೆಲ್ ಈಡ್ಸ್ ಎಂಬ ಅಮೆರಿಕದ ಕಪ್ತಾನ, ಪೂರ್ತಿಯಾಗಿ ತನ್ನದಲ್ಲದ ಹಡಗನ್ನೇ ಮಾರಿ ಕೊಂಡ ‘ಮತ್ಸ್ಯಕನ್ಯೆ’ಯನ್ನು ಲಂಡನ್ನಿನಲ್ಲಿ ಪ್ರದರ್ಶಿಸಿದ. ಶರೀರಶಾಸ್ತ್ರ ಬಲ್ಲ ವಿಲಿಯಂ ಕ್ಲಿಫ್ಟ್ ಪರೀಕ್ಷಿಸಿದಾಗ ಅದು ವಾನರನ ತಲೆಗೆ ಮೀನಿನ ದೇಹ ಜೋಡಿಸಿದ ಕೈಚಳಕವೆಂದು ತಿಳಿಯಿತು. ಇಪ್ಪತ್ತು ವರ್ಷಗಳ ಬಳಿಕ, 1842ರಲ್ಲಿ, ಪಿ.ಟಿ. ಬಾರ್ನಮ್ ನ್ಯೂಯಾರ್ಕಿನಲ್ಲಿ ‘ಫಿಜಿ ಮತ್ಸ್ಯಕನ್ಯೆ’ಯನ್ನು ತೋರಿಸಿ ಜನರನ್ನು ಮರುಳು ಮಾಡಿದ. 2012ರಲ್ಲಿ ಅನಿಮಲ್ ಪ್ಲಾನೆಟ್ ವಾಹಿನಿ ಸಾಕ್ಷ್ಯಚಿತ್ರದ ಧಾಟಿಯಲ್ಲಿಯೇ ಮತ್ಸ್ಯಕನ್ಯೆಯರ ಕಾರ್ಯಕ್ರಮವೊಂದನ್ನು ಪ್ರಸಾರ ಮಾಡಿತು. ಇಂತಹ ಜೀವಿಗಳಿಗೆ ಯಾವ ಪುರಾವೆಯೂ ದೊರೆತಿಲ್ಲವೆಂದು ಅಮೆರಿಕದ ಸರ್ಕಾರಿ ಸಾಗರ ಸಂಸ್ಥೆಯೇ ಸ್ಪಷ್ಟೀಕರಣ ನೀಡಬೇಕಾಯಿತು.

ಹಾಗಾದರೆ ನಾವಿಕರು ಕಂಡದ್ದೇನು? 1493ರ ಜನವರಿ 9ರಂದು ಕೊಲಂಬಸ್ ಹಿಸ್ಪಾನಿಯೋಲಾ ದ್ವೀಪದ ಬಳಿ ಮೂವರು ಮತ್ಸ್ಯಕನ್ಯೆಯರನ್ನು ಕಂಡುದಾಗಿಯೂ, ಚಿತ್ರಗಳಲ್ಲಿರುವಷ್ಟು ಸುಂದರಿಯರಲ್ಲವೆಂದೂ ದಾಖಲಿಸಿದ. ಅವು ಬಹುಶಃ ಮ್ಯಾನಟಿಗಳು, ಎಂದರೆ ಸಸ್ಯ ತಿನ್ನುವ ಸಾಧು ಸ್ತನಿಗಳು. ನಾವಿಕರನ್ನು ಹಾಡಿನಿಂದ ಸೆಳೆದು ಕೊಲ್ಲುತ್ತಿದ್ದ ಗ್ರೀಕ್ ಪುರಾಣದ ‘ಸೈರನ್’ಗಳ ಹೆಸರಿನಿಂದಲೇ ಈ ಗಣಕ್ಕೆ ‘ಸೈರೇನಿಯಾ’ ಎಂಬ ಹೆಸರು ಬಂದಿದೆ.

ಈ ಗಣದ ಅತಿ ದೊಡ್ಡ ಜೀವಿಯೊಂದರ ಚರಿತ್ರೆ ಆ ಕಾದಂಬರಿಗಿಂತ ಭಯಾನಕವಾದುದು. 1741ರಲ್ಲಿ ಬೇರಿಂಗ್‌ನ ಹಡಗು ಕಮ್ಚಾಟ್ಕಾದ ಪೂರ್ವದ ದ್ವೀಪವೊಂದರಲ್ಲಿ ಒಡೆದಾಗ, ಜೊತೆಗಿದ್ದ ನಿಸರ್ಗಶಾಸ್ತ್ರಜ್ಞ ಗಿಯೋರ್ಗ್ ಸ್ಟೆಲ್ಲರ್ ಬೃಹತ್ ಕಡಲಹಸುಗಳನ್ನು ಕಂಡ. ಹಲ್ಲಿಲ್ಲದ, ಕಡಲಪಾಚಿ ಮೇಯುವ, ಯಾರಿಗೂ ಕೇಡೆಸಗದ ಪ್ರಾಣಿ. ಹೆಣ್ಣನ್ನು ಕೊಂದು ದಡಕ್ಕೆಳೆದರೆ ಗಂಡು ಹಿಂಬಾಲಿಸಿ ಬರುತ್ತಿತ್ತು, ಮರುದಿನವೂ ಬಂದು ಕಾಯುತ್ತಿತ್ತು ಎಂದು ಆತ ಬರೆದಿಟ್ಟ. ತುಪ್ಪುಳದ ಬೇಟೆಗಾರರು ಮಾಂಸಕ್ಕಾಗಿ ಅವನ್ನು ಕೊಂದರು. 1768ರ ವೇಳೆಗೆ ಆ ಜಾತಿಯೇ ಅಳಿಯಿತು. ಕಂಡುಹಿಡಿದ ಮೇಲೆ ಕೇವಲ 27 ವರ್ಷ!

ಸ್ಟೆಲ್ಲರ್‌ನ ಬರಹವನ್ನು ಇಂದು ಓದುವಾಗ ಅದೂ ಒಂದು ಪೂರ್ವಕಥೆಯೇ. ಅಂತ್ಯ ನಮಗೆ ಗೊತ್ತು. ವ್ಯತ್ಯಾಸವಿಷ್ಟೇ: ಇಲ್ಲಿ ಕೊಲ್ಲುವವರು ನೀರಿನೊಳಗಿಲ್ಲ, ಹಡಗಿನಲ್ಲಿದ್ದಾರೆ.

ಕಡಲಹಸುವಿನ ಹತ್ತಿರದ ಬಂಧು ಡುಗಾಂಗ್ ನಮ್ಮ ದೇಶದ ಕಡಲಿನಲ್ಲಿಯೂ ಇದೆ. ಉಳಿದಿರುವುದು ಕೆಲವೇ ನೂರು. 2022ರಲ್ಲಿ ತಮಿಳುನಾಡು ಸರ್ಕಾರ ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರನ್ನು ಅದರ ಸಂರಕ್ಷಣೆಗಾಗಿ ಮೀಸಲಿಟ್ಟಿತು. ಈ ಕಥೆಯ ಕೊನೆಯ ಪುಟವನ್ನು ಇನ್ನೂ ಯಾರೂ ಬರೆದಿಲ್ಲ. ತರಗತಿಯಲ್ಲಿ ಇಸವಿಗಳನ್ನು ಬಾಯಿಪಾಠ ಮಾಡಿದ ನೀವು, ನಿಮ್ಮ ಮಕ್ಕಳಿಗೆ ಇದೊಂದನ್ನಾದರೂ ತಪ್ಪದೆ ಹೇಳಿ.