ಡೆರಿಯ ಕರಿಹಲಗೆ

ಉತ್ತರ ಐರ್ಲೆಂಡಿನ ಡೆರಿ ಎಂದರೆ ನನಗೆ ಬಹುಕಾಲ 1972ರ ಜನವರಿ 30 ಮಾತ್ರ. ಅಂದು ನಾಗರಿಕ ಹಕ್ಕುಗಳ ಮೆರವಣಿಗೆಯ ಮೇಲೆ ಬ್ರಿಟಿಷ್ ಸೈನಿಕರು ಹಾರಿಸಿದ ಗುಂಡಿಗೆ ಸ್ಥಳದಲ್ಲೇ 13 ಜನ ಬಲಿಯಾದರು. ಅದೇ ಊರಲ್ಲಿ ಬೆಳೆದ ಲೀಸಾ ಮಗೀ ಬರೆದ ‘ಡೆರಿ ಗರ್ಲ್ಸ್’ ಹಾಸ್ಯ ಧಾರಾವಾಹಿ 2018ರಲ್ಲಿ ಚಾನೆಲ್ 4ರಲ್ಲಿ ಬಂದಾಗ, ಆ ಊರಿನ ಅಡುಗೆಮನೆಯೊಳಗೆ ಕಾಲಿಟ್ಟಂತಾಯಿತು. ಸೇತುವೆ ಮೇಲೆ ಬಾಂಬ್ ಇದೆಯಂತೆ. ನಾಯಕಿ ಏರಿನ್‌ಳ ಅಮ್ಮನಿಗೆ ಚಿಂತೆ, ಮಕ್ಕಳಿಗೆ ಶಾಲೆ ತಪ್ಪೀತಲ್ಲ ಎಂದು! ಕ್ಯಾಥೊಲಿಕ್-ಪ್ರಾಟೆಸ್ಟೆಂಟ್ ಸಂಘರ್ಷದ ನಡುವೆ ಮೂವತ್ತು ವರ್ಷ ಹೀಗೇ ಬದುಕಿದವರಿಗೆ ಮಾತ್ರ ಬರುವ ಚಿಂತೆ ಅದು.

ಒಂದು ಕಂತಿನಲ್ಲಿ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಮಕ್ಕಳನ್ನು ಒಟ್ಟಿಗೆ ಕೂರಿಸಿ ಪಾದ್ರಿ ಕೇಳುತ್ತಾನೆ: ನಿಮ್ಮಲ್ಲಿ ಸಮಾನವಾದದ್ದೇನು? ಮಕ್ಕಳು ಕೂಗಿ ಹೇಳುವುದೆಲ್ಲ ವ್ಯತ್ಯಾಸಗಳನ್ನೇ. ಟೋಸ್ಟರನ್ನು ಕಪಾಟಿನಲ್ಲಿಡುವ ಅಭ್ಯಾಸದವರೆಗೂ ಕರಿಹಲಗೆ ತುಂಬಿಹೋಗುತ್ತದೆ. ಆ ಹಲಗೆಯನ್ನು ಬೆಲ್‌ಫಾಸ್ಟಿನ ಅಲ್‌ಸ್ಟರ್ ಮ್ಯೂಸಿಯಂ ಪ್ರದರ್ಶನಕ್ಕಿಟ್ಟಿತು. ಸರಿಯಾದ ಜಾಗವೇ. ಬೇರೆ ಬೇರೆ ಶಾಲೆ, ಬೇರೆ ಬೇರೆ ಬೀದಿಯಲ್ಲಿ ಬೆಳೆದ ತಲೆಮಾರಿನ ದಾಖಲೆಯಲ್ಲವೇ ಅದು?

ಕೊನೆಯ ಕಂತು ಮುಗಿಯುವುದು 1998ರ ಮೇ 22ರಂದು, ಶುಭ ಶುಕ್ರವಾರದ ಶಾಂತಿ ಒಪ್ಪಂದಕ್ಕೆ ಜನಮತ ಕೇಳಿದ ದಿನ. ಶೇ. 71 ಮಂದಿ ಒಪ್ಪಿದರು. ಪುಟ್ಟ ಮೊಮ್ಮಗಳ ಕೈ ಹಿಡಿದು ಮತಗಟ್ಟೆಯಿಂದ ಹೊರಬರುವ ಅಜ್ಜನನ್ನು ನೋಡುವಾಗ ನನ್ನ ಕಣ್ಣು ಪ್ರತಿಸಲವೂ ತುಂಬುತ್ತದೆ.