ಸರ್ಕಲ್ಲಿನ ವೃತ್ತಾಂತ

ಶಿವಮೊಗ್ಗದಲ್ಲಿ ಆಟೊ ಹತ್ತಿ ‘ಟಿ. ಸೀನಪ್ಪ ಶೆಟ್ಟಿ ವೃತ್ತ’ ಎಂದರೆ ಚಾಲಕ ಹಿಂದಿರುಗಿ ನೋಡುತ್ತಾನೆ. ‘ಗೋಪಿ ಸರ್ಕಲ್’ ಎಂದರೆ ಗಾಡಿ ಆಗಲೇ ಹೊರಟಿರುತ್ತದೆ. ಜಾಗ ಒಂದೇ. ಮೊದಲನೆಯದು ಫಲಕದ ಹೆಸರು, ಎರಡನೆಯದು ಊರಿನ ಬಾಯಲ್ಲಿರುವುದು.

ಕನ್ನಡಕ್ಕೆ ಬಂದ ಮೇಲೆ ಸರ್ಕಲ್ ದುಂಡಗಿರಬೇಕಾದ ಅಗತ್ಯವೇ ಉಳಿಯಲಿಲ್ಲ. ನಾಲ್ಕು ರಸ್ತೆ ಕೂಡಿದರೆ ಸಾಕು, ಮೂರೇ ಕೂಡಿದರೂ ನಡೆಯುತ್ತದೆ. ನಡುವೆ ಪ್ರತಿಮೆ ಇರಲಿ, ಬರೀ ಸಿಗ್ನಲ್ ಕಂಬ ಇರಲಿ, ಅದು ಸರ್ಕಲ್ಲೇ. ಪೊಲೀಸ್ ಇಲಾಖೆಯಲ್ಲಿ ಅದೇ ಪದ ಕೆಲವು ಠಾಣೆಗಳ ವ್ಯಾಪ್ತಿ; ಹುಡುಗರ ಬಾಯಲ್ಲಿ ಗೆಳೆಯರ ಗುಂಪು. ಆದರೆ ಅದು ನಿಜವಾಗಿ ಬೇರು ಬಿಟ್ಟಿರುವುದು ಬೀದಿಯಲ್ಲಿ. ‘ಸರ್ಕಲ್ ಹತ್ರ ನಿಂತಿರು, ಬರ್ತೀನಿ’ ಎನ್ನದವರು ಯಾರಿದ್ದಾರೆ?

ಜೈಲ್ ಸರ್ಕಲ್ ನೋಡಿ. ಕೇಂದ್ರ ಕಾರಾಗೃಹ ಸೋಗಾನೆಗೆ ಹೋಗಿ ವರ್ಷಗಳಾದವು. ಹಳೆಯ ಜೈಲಿನ ಜಾಗ ಫ್ರೀಡಂ ಪಾರ್ಕ್ ಆಯಿತು. 2024ರ ಜನವರಿಯಲ್ಲಿ ಯುವನಿಧಿ ಯೋಜನೆಗೆ ಚಾಲನೆ ಕೊಡಲು ಅಲ್ಲಿಗೇ ಬಂದಿದ್ದ ಮುಖ್ಯಮಂತ್ರಿ ಸಿದ್ದರಾಮಯ್ಯ, ಆ ಪಾರ್ಕಿಗೆ ಅಲ್ಲಮಪ್ರಭುವಿನ ಹೆಸರಿಡುವುದಾಗಿ ಹೇಳಿದರು. ಬಳ್ಳಿಗಾವಿಯ ಅಲ್ಲಮ ಈ ಜಿಲ್ಲೆಯವನೇ, ಹೆಸರು ಒಪ್ಪುವಂಥದ್ದೇ. ಇಷ್ಟೆಲ್ಲ ಆದರೂ ಪಕ್ಕದ ಕೂಡುರಸ್ತೆ ಜೈಲ್ ಸರ್ಕಲ್ಲಾಗಿಯೇ ಉಳಿದಿದೆ. ಜೈಲನ್ನು ಕಂಡೇ ಇರದ ಮಕ್ಕಳೂ ಹಾಗೆಯೇ ಅನ್ನುತ್ತಾರೆ.

ಗಾಂಧಿ ಬಜಾರಿನ ಬಾಯಲ್ಲಿ ಶಿವಪ್ಪ ನಾಯಕನ ಪ್ರತಿಮೆ ಇದೆ. ಹದಿನೇಳನೆಯ ಶತಮಾನದ ಈ ಕೆಳದಿಯ ಅರಸ ಭೂಮಿಯನ್ನು ಫಲವತ್ತತೆಯ ಮೇಲೆ ವಿಂಗಡಿಸಿ ಕಂದಾಯ ಗೊತ್ತುಮಾಡಿದ, ಅದು ‘ಸಿಸ್ತು’. ಜನರ ನಾಲಿಗೆ ಅದನ್ನು ಶಿಸ್ತು ಮಾಡಿ, ಅವನನ್ನು ‘ಶಿಸ್ತಿನ ಶಿವಪ್ಪ ನಾಯಕ’ ಎಂದು ಕರೆಯಿತು. ನನ್ನ ಮಟ್ಟಿಗೆ ಪ್ರತಿಮೆಗಿಂತ ಗಟ್ಟಿ ಸ್ಮಾರಕ ಈ ಮಾತೇ. ಅಲ್ಲಿಂದ ಕೂಗಳತೆಯಲ್ಲಿ ಅಮೀರ್ ಅಹ್ಮದ್ ವೃತ್ತ. ಅದು ‘ಎ.ಎ. ಸರ್ಕಲ್’ ಆಗಿ ಎರಡು ಅಕ್ಷರಕ್ಕೆ ಇಳಿದು, ಮನುಷ್ಯ ಮರೆಯಾದ. 2022ರ ಸ್ವಾತಂತ್ರ್ಯ ದಿನ ಅಲ್ಲೇ ಸಾವರ್ಕರ್ ಫ್ಲೆಕ್ಸ್ ವಿಷಯಕ್ಕೆ ಜಗಳ ಹತ್ತಿ ಊರಿಗೆ ನಿಷೇಧಾಜ್ಞೆ ಬಿತ್ತು. ಗಾಳಿ-ಮಳೆಗೆ ಹರಿಯುವ ಒಂದು ಬಟ್ಟೆಗಾಗಿ ಊರು ಬಾಗಿಲು ಹಾಕಿಕೊಂಡಿತಲ್ಲ ಎಂದು ಇಂದಿಗೂ ಸಂಕಟವಾಗುತ್ತದೆ.

ಭದ್ರಾವತಿಯಲ್ಲೂ ರಂಗಪ್ಪ ಸರ್ಕಲ್, ಮಾಧವಾಚಾರ್ ಸರ್ಕಲ್, ಹಾಲಪ್ಪ ಸರ್ಕಲ್ ಇವೆ. ಆದರೆ ಅಲ್ಲಿ ನೆನಪಿನ ಭಾರ ಹೊತ್ತಿರುವುದು ‘ಟೌನ್’ ಎಂಬ ಪದ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಕಾರ್ಮಿಕರಿಗಾಗಿ ಎದ್ದದ್ದು ನ್ಯೂಟೌನ್. ಮುದಿಯಾದರೂ ಅದು ‘ನ್ಯೂ’. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಸುತ್ತ ಬೆಳೆದದ್ದು ಪೇಪರ್ ಟೌನ್. 2015ರಿಂದ ಅಲ್ಲಿ ಕಾಗದ ತಯಾರಾಗುತ್ತಿಲ್ಲ. ಆದರೂ ಪೊಲೀಸ್ ಠಾಣೆಯ ಹೆಸರು ಪೇಪರ್ ಟೌನ್ ಠಾಣೆ. ಒಂದೊಂದು ದೂರಿನ ನೆತ್ತಿಯ ಮೇಲೂ ನಿಂತ ಕಾರ್ಖಾನೆಯ ಹೆಸರು ಬೀಳುತ್ತದೆ. ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಅವರು ಸಂಬಳದಷ್ಟೇ ಊರಿನ ಗುರುತಿಗೂ ಹೋರಾಡಿದರು ಎಂದೇ ನಾನು ತಿಳಿದಿದ್ದೇನೆ.

ಸರ್ಕಲ್ಲಿಗೆ ಸರ್ಕಾರ ಆರಿಸಿದ ಪದ ವೃತ್ತ. ಗಣಿತದ ಮೇಷ್ಟ್ರಿಗೆ ಅದು ದುಂಡು, ಹಳಗನ್ನಡ ಓದಿದವರಿಗೆ ಛಂದಸ್ಸು. ಅದಕ್ಕೆ ‘ನಡೆದದ್ದು’ ಎಂಬ ಅರ್ಥವೂ ಉಂಟು. ವೃತ್ತಾಂತ, ಇತಿವೃತ್ತ ಹುಟ್ಟಿದ್ದು ಅಲ್ಲಿಂದಲೇ. ಹಾಗಾಗಿ ನಗರಾಡಳಿತಗಳಲ್ಲಿ ನನ್ನ ಬೇಡಿಕೆ ಇಷ್ಟು: ವೃತ್ತದ ಫಲಕದಲ್ಲಿ ವೃತ್ತಾಂತವೂ ಇರಲಿ. ಸೀನಪ್ಪ ಶೆಟ್ಟಿ ಯಾರು, ಅಮೀರ್ ಅಹ್ಮದ್ ಯಾರು, ಜೈಲು ಯಾವಾಗ ಬಂತು, ಯಾವಾಗ ಹೋಯಿತು, ನಾಲ್ಕು ಸಾಲು ಸಾಕು. ಜನ ಕರೆಯುವ ಹೆಸರನ್ನೂ ನಾಚಿಕೆಯಿಲ್ಲದೆ ಪಕ್ಕದಲ್ಲೇ ಬರೆಯಲಿ. ಪೇಪರ್ ಟೌನಿನ ನಾಲ್ಕು ಸಾಲಿಗಂತೂ ಕಡತ ಹುಡುಕುತ್ತಾ ಕೂರುವುದು ಬೇಡ. ಯಂತ್ರದ ಮುಂದೆ ರಾತ್ರಿ ಪಾಳಿ ಮಾಡಿದವರು ಊರಲ್ಲಿ ಇನ್ನೂ ಇದ್ದಾರೆ. ಅವರನ್ನು ಈ ವರ್ಷವೇ ಕೇಳಿ ಬರೆಸಲಿ.